ಒತ್ತಡದಿಂದ ವಂಶವಾಹಿ ಶಾಶ್ವತವಾಗಿ ಕೆಡುವುದಿಲ್ಲ: ಒಂದು ಸ್ಪಷ್ಟನೆ

‘ದೀರ್ಘಕಾಲದ ಒತ್ತಡ ಮತ್ತು ಖಿನ್ನತೆ ಮೆದುಳಿನ ಡಿಎನ್‌ಎಯನ್ನೇ ಬದಲಿಸುತ್ತವೆ, ಅದು ಮತ್ತೆಂದೂ ಸರಿಹೋಗದು’ ಎಂಬ ಹೇಳಿಕೆ ಹರಿದಾಡುತ್ತಿದೆ. ಇದು ಅರ್ಧಸತ್ಯ, ಈಗಾಗಲೇ ನೊಂದವರನ್ನು ಇನ್ನಷ್ಟು ಹೆದರಿಸುವಂಥದ್ದು ಎಂಬ ಕಾರಣಕ್ಕೆ ಇದನ್ನು ತಿದ್ದಲೇಬೇಕು.

ಇಲ್ಲಿ ಬದಲಾಗುವುದು ಡಿಎನ್‌ಎಯ ಅಕ್ಷರಕ್ರಮವಲ್ಲ, ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂಬ ನಿಯಂತ್ರಣ. ಒತ್ತಡದಲ್ಲಿ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ನರಕೋಶವನ್ನು ಹೊಕ್ಕು, ತನ್ನನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನಿನೊಡನೆ (ರಿಸೆಪ್ಟರ್) ಸೇರಿ ಕೋಶಕೇಂದ್ರವನ್ನು ತಲುಪಿ, ಕೆಲವು ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಅಡಗಿಸುತ್ತದೆ. ಒತ್ತಡ ಬಹುಕಾಲ ಮುಂದುವರಿದರೆ ಡಿಎನ್‌ಎಗೆ ಅಂಟಿ ವಂಶವಾಹಿಯ ಕೆಲಸವನ್ನು ನಿಯಂತ್ರಿಸುವ ಮೀಥೈಲ್ ಗುಂಪುಗಳೆಂಬ ರಾಸಾಯನಿಕ ಗುರುತುಗಳಲ್ಲೂ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲೂ ವ್ಯತ್ಯಾಸಗಳಾಗಬಹುದು.

‘ಶಾಶ್ವತ’ ಎಂಬ ಮಾತಂತೂ ನಿಲ್ಲುವುದಿಲ್ಲ. ತಾಯಿಯ ಆರೈಕೆ ಕಡಿಮೆ ದೊರೆತ ಇಲಿಮರಿಗಳ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಒತ್ತಡದ ಹಾರ್ಮೋನಿನ ಗ್ರಾಹಕವನ್ನು ರೂಪಿಸುವ ವಂಶವಾಹಿಗೆ ಹೆಚ್ಚು ಮೀಥೈಲ್ ಗುಂಪುಗಳು ಅಂಟಿರುವುದನ್ನು ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಮೋಶೆ ಸಿಫ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಆದರೆ ಅದೇ ಅಧ್ಯಯನದಲ್ಲಿ, ಹುಟ್ಟಿದೊಡನೆ ಅಕ್ಕರೆಯ ಸಾಕುತಾಯಿಯ ಬಳಿ ಬೆಳೆದ ಮರಿಗಳಲ್ಲಿ ಈ ವ್ಯತ್ಯಾಸ ಉಳಿಯಲಿಲ್ಲ. ಬೆಳೆದ ಇಲಿಗಳಲ್ಲೂ ರಾಸಾಯನಿಕವೊಂದು ಅದನ್ನು ತಗ್ಗಿಸಿತು. ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಮನುಷ್ಯರ ಮೆದುಳಿನ ಅಂಗಾಂಶವನ್ನು ಬಹುಮಟ್ಟಿಗೆ ಮರಣಾನಂತರವೇ ಪರೀಕ್ಷಿಸಲಾಗುತ್ತದೆಯಾದ್ದರಿಂದ, ಅಲ್ಲಿ ಕಂಡ ಗುರುತು ಖಿನ್ನತೆಯ ಕಾರಣವೋ ಪರಿಣಾಮವೋ ಎಂದು ಬೇರ್ಪಡಿಸುವುದೂ ಕಷ್ಟ.