ಕರೇಜ್ ಉಳಿಯಬೇಕಾದರೆ ನೀರು ಇಂಗುವ ನೆಲವೂ ಉಳಿಯಬೇಕು

ಬೀದರಿನ ನೌಬಾದ್ ಕರೇಜ್, ಅಂದರೆ ನೆಲದಡಿಯ ನೀರನ್ನು ಹರಿಸಿ ತರುವ ಹಳೇ ಸುರಂಗ ಕಾಲುವೆ, ಪ್ರವಾಸಿ ತಾಣವಾಗಲಿ ಎಂದು ಅದರ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಳ್ಳೇದೇ. ಆದರೆ ಅದರೊಳಗಿನ ನೀರಿನ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕಿತ್ತು.

ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಈ ಕಲ್ಲಿನ ತುಂಬ ತೂತು, ಮಳೆನೀರು ಸಲೀಸಾಗಿ ಇಳಿಯುತ್ತದೆ. ಕೆಳಗೆ ಗಟ್ಟಿ ಕಪ್ಪು ಬಂಡೆ ಸಿಕ್ಕ ಕೂಡಲೇ ಅಲ್ಲೇ ನಿಲ್ಲುತ್ತದೆ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಆ ನೀರಿಗೆ ಸಣ್ಣ ಇಳಿಜಾರಿನ ಸುರಂಗ ಕೊರೆದರು. ಗಾಳಿ ಬರಲು, ಮಣ್ಣು ಎತ್ತಲು ಮೇಲಿನಿಂದ ಸಾಲಾಗಿ ಬಾವಿ ಇಳಿಸಿದರು. ಆ ಕಾಲಕ್ಕೆ ಎಂಥ ಲೆಕ್ಕಾಚಾರ!

ಸುರಂಗದ ಮಟ್ಟಕ್ಕಿಂತ ಮೇಲಿರುವ ನೀರಷ್ಟೇ ಹರಿದು ಬರುತ್ತದೆ. ಮಳೆ ಕಮ್ಮಿಯಾದರೆ ಹರಿವೂ ಕಮ್ಮಿ. ಕೆಳಗಿನದ್ದಕ್ಕೆ ಕೈ ಹಾಕಲು ಆಗುವುದೇ ಇಲ್ಲ. ಬೋರ್‌ವೆಲ್‌ಗೆ ಈ ಕಡಿವಾಣ ಇಲ್ಲ, ನೀರು ಕೆಳಗೆ ಹೋದಂತೆ ನಾವು ಪೈಪ್ ಇಳಿಸುತ್ತಲೇ ಹೋಗುತ್ತೇವೆ. ಸುತ್ತಮುತ್ತ ಬೋರ್ ಜಾಸ್ತಿಯಾಗಿ ಸುರಂಗ ಒಣಗಿದರೆ, ಹೂಳು ತೆಗೆದು ಏನು ಪ್ರಯೋಜನ?

ಬಾವಿಗಳ ಬಾಯಿ ಮುಚ್ಚಿ ಸೈಟು ಮಾಡುವುದು, ರಸ್ತೆ ಹಾಕುವುದು ಮೊದಲು ನಿಲ್ಲಬೇಕು. ನೀರು ಇಂಗುವ ಜಾಗವನ್ನೂ ಸರ್ವೆ ಮಾಡಿಸಿ ಸಂರಕ್ಷಿತ ಪ್ರದೇಶಕ್ಕೆ ಸೇರಿಸಲಿ. ಟಿಕೆಟ್ ಕೌಂಟರ್, ಲೈಟಿಂಗ್ ಎಲ್ಲಾ ಆಮೇಲೂ ಮಾಡಬಹುದು, ಅಲ್ವಾ?