ನಾಯಕರೇ, ಸ್ವಲ್ಪ ಹಿಂದಕ್ಕೆ ಸರಿಯಿರಿ

ವಿಜಯಪುರ ಜಿಲ್ಲೆಯ ಹೆಡ್‌ಮಾಸ್ತರರನ್ನು 'ಬೋಧನಾ ನಾಯಕ'ರನ್ನಾಗಿ ಮಾಡುವ ಕೆಲಸ ಭರದಿಂದ ಸಾಗಿದೆ. ಶಾಲಾ ಮುಖ್ಯಸ್ಥರು ವರ್ಷಕ್ಕೆ 50 ಗಂಟೆಯಾದರೂ ತರಬೇತಿ ಪಡೆಯಬೇಕೆಂದು 2020ರ ಶಿಕ್ಷಣ ನೀತಿಯೇ ಹೇಳಿದೆ. ತರಗತಿಯಲ್ಲಿ ಹೆಚ್ಚು ಹೊತ್ತು ಇರುವುದು ಹೇಗೆಂದು ಕಲಿಸಲು ಮೊದಲು ಅವರನ್ನು ತರಗತಿಯಿಂದ ಎಬ್ಬಿಸಿ ತರಬೇಕಲ್ಲ! ಇಂಡಿ, ಸಿಂದಗಿ ಕಡೆಯ ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಹೆಡ್‌ಮಾಸ್ತರು ಬಸ್ ಹತ್ತಿದರೆ, ಉಳಿದ ಮೇಡಂ ನಲಿ-ಕಲಿ ಪದ್ಧತಿಯ ಒಂದರಿಂದ ಮೂರರವರೆಗಿನ ತರಗತಿಗಳ ಜತೆ ನಾಲ್ಕು, ಐದನ್ನೂ ಒಂದೇ ಕೋಣೆಯಲ್ಲಿ ಕೂಡ್ರಿಸಬೇಕು. ನಡುವೆ ಎದ್ದು ಹೋಗಿ, ಮಗುವಿಗೆ 18 ಗ್ರಾಂ ಲೆಕ್ಕದಲ್ಲಿ ಹಾಲಿನ ಪುಡಿ ಅಳೆದು ಕೊಡಬೇಕು. ತರಬೇತಿಯ ಭಾಷೆಯಲ್ಲಿ ಇದು 'ಜವಾಬ್ದಾರಿ ಹಂಚಿಕೆ'.

ತರಬೇತಿಯಲ್ಲಿ ಪಾಠ ವೀಕ್ಷಣೆ ಕಲಿಸುವ ಅವಧಿ ಮಾತ್ರ ನಿಜಕ್ಕೂ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು. ಹೆಡ್‌ಮಾಸ್ತರು ಮೊದಲು ಶಿಕ್ಷಕರ ಜತೆ ಹತ್ತು ನಿಮಿಷ ಕೂತು ಇವತ್ತು ಏನನ್ನು ನೋಡುವುದೆಂದು ಗೊತ್ತುಮಾಡಿಕೊಳ್ಳಬೇಕು. 40 ನಿಮಿಷದ ಪಿರಿಯಡ್ ಪೂರ್ತಿ ಹಿಂದೆ ಕೂತು ಮಕ್ಕಳನ್ನು ನೋಡಬೇಕು. ಶಿಕ್ಷಕರು ಪ್ರಶ್ನೆ ಕೇಳಿ ಮೂರು ಸೆಕೆಂಡಾದರೂ ಕಾದರೋ? ಮುಂದಿನ ಸಾಲಿನ ಮಕ್ಕಳೇ ಉತ್ತರ ಹೇಳಿ ಮುಗಿಸಿದರೋ? ಅದೇ ದಿನ ಮಾತಾಡಿ, ತಿದ್ದಬೇಕಾದ್ದು ಒಂದನ್ನಷ್ಟೇ ಹೇಳಬೇಕು. ಆರು ಹೇಳಿದರೆ ಒಂದೂ ಆಗುವುದಿಲ್ಲ. ವಾರ ಬಿಟ್ಟು ಆ ಒಂದನ್ನೇ ನೋಡಲು ಮತ್ತೆ ಹೋಗಬೇಕು.

ಸಂಪನ್ಮೂಲ ವ್ಯಕ್ತಿ ಇಷ್ಟನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಸಭಾಂಗಣದ ಎಲ್ಲ ಫೋನುಗಳೂ ಒಟ್ಟಿಗೇ ಗುಯ್‌ಗುಡುತ್ತವೆ. 'ಅತಿ ಜರೂರು. ಸ್ಯಾಟ್ಸ್‌ನಲ್ಲಿ ಆಧಾರ್ ತಾಳೆಯಾಗದ ಮಕ್ಕಳ ಪಟ್ಟಿ 12 ಗಂಟೆಯೊಳಗೆ. ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.' ಸ್ಯಾಟ್ಸ್ ಎಂದರೆ ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರಿ ತಂತ್ರಾಂಶ. ಸಂದೇಶ ಕಳಿಸಿದ್ದು ತರಬೇತಿಗೆ ಕರೆದ ಕಚೇರಿಯೇ. ನಾಯಕರು ವರಾಂಡಕ್ಕೆ ಬಂದು ಫೋನ್ ಹಚ್ಚುತ್ತಾರೆ: "ಮೇಡಂ, ಪಾಠ ಒಂದೀಟು ಬಾಜೂ ಇಡ್ರಿ, ದಾಖಲಾತಿ ರಿಜಿಸ್ಟರಿಂದು ಫೋಟೋ ಹೊಡದು ಹಾಕ್ರಿ."

ಶಾಲೆಗೆ ಮರಳಿದ ಮೇಲೆ ವೀಕ್ಷಣೆಗೂ ಒಂದು ನಮೂನೆ ಬರುತ್ತದೆ. ಅದಕ್ಕೆ ಉತ್ತರವೂ ತಯಾರಿದೆ: 'ಪಾಠ ಉತ್ತಮವಾಗಿದೆ. ಪಾಠೋಪಕರಣ ಬಳಸಲು ಸೂಚಿಸಿದೆ.' ಶನಿವಾರ ಮಧ್ಯಾಹ್ನ ಕೂತರೆ ತಿಂಗಳದ್ದೆಲ್ಲ ಬರೆದು ಮುಗಿಯುತ್ತದೆ, ಪೆನ್ನಿನ ಬಣ್ಣ ಮಾತ್ರ ಬದಲಿಸಬೇಕು. ತೊಡಕು ನಮೂನೆಯ ಜತೆ ಕೊಡಬೇಕಾದ ಜಿಪಿಎಸ್ ಫೋಟೋದ್ದು, ಅಂದರೆ ತೆಗೆದ ಜಾಗ ಮೂಡಿರುವ ಫೋಟೋದ್ದು. ಹೆಡ್‌ಮಾಸ್ತರು, ಪಾಠ ಮಾಡುವ ಮೇಡಂ, ದಿನಾಂಕ ಬರೆದ ಬೋರ್ಡು ಮೂರೂ ಒಂದರಲ್ಲೇ ಕಾಣಬೇಕು. ಶಾಲೆಯಲ್ಲಿರುವ ಇಬ್ಬರೂ ಫೋಟೋದೊಳಗೇ ನಿಂತ ಮೇಲೆ ಹೊಡೆಯುವವರು ಯಾರು? ಪಾಠ ನಿಲ್ಲುತ್ತದೆ. ಐದನೇ ಇಯತ್ತೆಯ ಹುಡುಗ ಫೋನ್ ಹಿಡಿದು ಎದ್ದು ಬರುತ್ತಾನೆ.

"ಸರ್, ನೀವು ಇನ್ನೊಂದೀಟು ಹಿಂದ ಸರೀರಿ. ಬೋರ್ಡ್ ಕಾಣವಲ್ದು."