ಅತ್ತೆಯವರ ಪ್ರಾಸ್ಟೇಟ್ ಮತ್ತು ಶ್ರೋಡಿಂಗರನ ಬೆಕ್ಕು

ನಮ್ಮತ್ತೆಯವರಿಗೆ ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ಊದಿಕೊಂಡಿದೆಯಂತೆ. ಹೇಳಿದ್ದು ಡಾಕ್ಟರಲ್ಲ, ಕ್ವಾಂಟಮ್ ಯಂತ್ರ.

ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ಉಚಿತ ಕ್ವಾಂಟಮ್ ಆರೋಗ್ಯ ಶಿಬಿರ ಇತ್ತು. ‘ಉಚಿತ’ ಅನ್ನುವ ಪದ ಕಂಡರೆ ಅತ್ತೆ ಮಂಡಿನೋವು ಮರೆತುಬಿಡುತ್ತಾರೆ. ಹೋದೆವು. ಟೈ ಕಟ್ಟಿದ ಹುಡುಗ, ಮುಂದೆ ಲ್ಯಾಪ್‌ಟಾಪು, ಅದಕ್ಕೆ ವೈರಿನಲ್ಲಿ ನೇತುಬಿದ್ದ ಗೇಣುದ್ದದ ಹಿತ್ತಾಳೆ ಬಣ್ಣದ ಕೋಲು. ಹೆಸರು, ವಯಸ್ಸು, ಎತ್ತರ, ತೂಕ ಕೇಳಿ ಟೈಪು ಮಾಡಿದ. ಅತ್ತೆ ಕೋಲು ಹಿಡಿದು ಒಂದು ನಿಮಿಷ ಕೂತರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಿದ್ದರು ಹಿಂದಿನವರು. ಈಗ ಅಂಗೈಯೊಂದಿದ್ದರೆ ಸಾಕು, ಲಿವರು, ಕಿಡ್ನಿ, ಮೂಳೆ, ಮನಸ್ಸು ಎಲ್ಲದರ ‘ಕ್ವಾಂಟಮ್ ಕಂಪನ’ ಪರದೆಯ ಮೇಲೆ ಕುಣಿಯುತ್ತದೆ. ಪ್ರಿಂಟರು 38 ಪುಟ ಕಕ್ಕಿತು. 17ನೇ ಪುಟದಲ್ಲಿ ಪ್ರಾಸ್ಟೇಟ್.

“ಪ್ರಾಸ್ಟೇಟ್ ಅಂದ್ರೇನಪ್ಪಾ?” ಅತ್ತೆ ಕೇಳಿದರು.

ಹುಡುಗ ನನ್ನ ಮುಖ ನೋಡಿದ. ನಾನು ಮೊದಲ ಪುಟ ತೋರಿಸಿದೆ. ಅಲ್ಲಿ ಲಿಂಗ ಅನ್ನುವ ಕಡೆ ‘ಪುರುಷ’ ಅಂತಿತ್ತು, ಕೈತಪ್ಪಿ ಒತ್ತಿಬಿಟ್ಟಿದ್ದ. ಪಾಪ, ಬೆವರಿದ. ಅಷ್ಟರಲ್ಲಿ ಅತ್ತೆಯೇ, “ಓ, ನಿಮ್ಮ ಮಾವನವರಿಗೆ ಆಪರೇಷನ್ ಆಗಿತ್ತಲ್ಲ, ಅದಾ?” ಅಂದುಬಿಟ್ಟರು.

“ಕರೆಕ್ಟ್ ಅಮ್ಮ! ಅದನ್ನೇ ಎಂಟ್ಯಾಂಗಲ್‌ಮೆಂಟ್ ಅನ್ನೋದು. ಗಂಡ ಹೆಂಡತಿ ಎನರ್ಜಿ ಒಂದಕ್ಕೊಂದು ಹೆಣಕೊಂಡಿರುತ್ತೆ. ಅವರೆಲ್ಲೇ ಇದ್ರೂ ಇನ್‌ಫರ್ಮೇಷನ್ ನಿಮಗೆ ಬರ್ತಾನೇ ಇರುತ್ತೆ.”

“ಅವರು ಹೋಗಿ ಆರು ವರ್ಷ ಆಯ್ತು ಕಣಪ್ಪಾ. ಇದ್ದಾಗ ನಾನು ಅಡುಗೆಮನೆಯಿಂದ ಕೂಗಿದ್ದು ಪಡಸಾಲೇಲಿ ಕೂತವರಿಗೆ ಕೇಳಿಸ್ತಿರಲಿಲ್ಲ.”

ಕ್ವಾಂಟಮ್ ಅಂದರೆ ಪರಮಾಣು, ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ಭೌತವಿಜ್ಞಾನ. ಅತ್ತೆಯ ಮಾತು ಹುಡುಗನ ಮಾತಿಗಿಂತ ಅದಕ್ಕೆ ಹತ್ತಿರವಾಗಿತ್ತು. ಹೆಣೆದುಕೊಂಡ ಎರಡು ಕಣಗಳನ್ನು ದೂರ ದೂರ ಒಯ್ದು ಅಳೆದರೆ ಫಲಿತಾಂಶಗಳು ವಿಚಿತ್ರವಾಗಿ ತಾಳೆಯಾಗುತ್ತವೆ, ನಿಜ. ಅದು ಕಣಗಳು ಮೊದಲೇ ಮಾತಾಡಿಕೊಂಡು ಬಂದ ಉತ್ತರವೋ ಅಲ್ಲವೋ ಎಂದು ಪತ್ತೆ ಮಾಡುವ ಲೆಕ್ಕವನ್ನು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಕೊಟ್ಟ. ಅಲ್ಲವೆಂದು ಪ್ರಯೋಗ ಮಾಡಿ ತೋರಿಸಿದ ಕ್ಲೌಸರ್, ಆಸ್ಪೆ, ತ್ಸೈಲಿಂಗರ್ ಮೂವರಿಗೂ 2022ರ ನೊಬೆಲ್ ಬಂತು. ಆದರೆ ಈ ಹೆಣಿಗೆಯ ಮೂಲಕ ‘ಊಟ ಆಯ್ತಾ’ ಅನ್ನುವಷ್ಟು ಸುದ್ದಿಯನ್ನೂ ದಾಟಿಸಲು ಆಗುವುದಿಲ್ಲ. ಎರಡೂ ಕಡೆಯವರು ಫೋನೋ ಪತ್ರವೋ ಮಾಡಿ ತಮ್ಮ ತಮ್ಮ ಲೆಕ್ಕ ಹೋಲಿಸಿಕೊಂಡಾಗಲೇ ತಾಳೆಯಾದದ್ದು ಗೊತ್ತಾಗುವುದು. ಮಾವನವರಿಂದ ಫೋನು ಬಂದಿರಲಿಲ್ಲ.

ಹುಡುಗ ‘ಸ್ತ್ರೀ’ ಎಂದು ತಿದ್ದಿ ಇನ್ನೊಮ್ಮೆ ಶುರು ಮಾಡಿದ. ಅಷ್ಟರಲ್ಲಿ ಬಾದಾಮಿ ಹಾಲು ಬಂತು ಅಂತ ಅತ್ತೆ ಕೋಲನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಲಗಿಸಿ ಎದ್ದುಹೋದರು. ಯಂತ್ರ ಎದೆಗುಂದಲಿಲ್ಲ. ಮತ್ತೆ 38 ಪುಟ. ಗರ್ಭಕೋಶ ಪರವಾಗಿಲ್ಲ, ಕ್ಯಾಲ್ಸಿಯಂ ಕಮ್ಮಿ, ಮುಂಗೋಪ ಜಾಸ್ತಿ. ಯಾರದು, ಅತ್ತೆಯದೋ ಕುರ್ಚಿಯದೋ ಎಂದು ನಾನು ಕೇಳಲಿಲ್ಲ. ವೇದಿಕೆಯ ಮೇಲೆ ಗುರುಗಳು ಮಾತು ಶುರು ಮಾಡಿದ್ದರು.

ಬಿಳಿ ಕುರ್ತಾ, ಕಿವಿಗೆ ಸಿಕ್ಕಿಸಿದ ಮೈಕು. “ನೀವು ನೋಡೋವರೆಗೂ ಜಗತ್ತು ಬರೀ ಸಾಧ್ಯತೆ! ನೀವು ನೋಡಿದಾಗಲೇ ಅದು ವಾಸ್ತವ! ಇದನ್ನ ನಾನು ಹೇಳ್ತಿಲ್ಲ, ಶ್ರೋಡಿಂಗರ್ ಬೆಕ್ಕು ಹೇಳುತ್ತೆ!” ಚಪ್ಪಾಳೆ.

ಬೆಕ್ಕು ಕಣ್ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗಲ್ವೆ ಅಂತ ನಮ್ಮಲ್ಲಿ ಗಾದೆಯಿದೆ. ತಾನು ನೋಡದಿದ್ದರೆ ಲೋಕವೇ ಇಲ್ಲ ಅಂದುಕೊಂಡ ಮೊದಲ ಕ್ವಾಂಟಮ್ ಗುರು ಆ ಬೆಕ್ಕೇ ಇರಬೇಕು. ಶ್ರೋಡಿಂಗರನ ಬೆಕ್ಕು ಬೇರೆ ತಳಿ. 1935ರಲ್ಲಿ ಆ ಭೌತವಿಜ್ಞಾನಿ ಅದನ್ನು ಕಲ್ಪನೆಯಲ್ಲೇ, ಒಂದು ಪರಮಾಣು ಒಡೆದರೆ ವಿಷ ಹೊರಬರುವಂಥ ಪೆಟ್ಟಿಗೆಗೆ ಹಾಕಿದ್ದೇ ತಮಾಷೆಗೆ. ಅಳೆಯುವವರೆಗೂ ಎರಡು ಸ್ಥಿತಿಯಲ್ಲೂ ಇರುವ ಕಣಗಳ ಲೆಕ್ಕವನ್ನು ಹಾಗೇ ಬೆಕ್ಕಿನ ಗಾತ್ರಕ್ಕೆ ಎಳೆದರೆ ಸತ್ತೂ ಬದುಕಿಯೂ ಇರುವ ಬೆಕ್ಕು ಸಿಗುತ್ತದಲ್ಲ, ಎಂಥ ನಗೆಪಾಟಲು ಎಂದು ತೋರಿಸಲು. ಅಂದರೆ ಅದೊಂದು ವಿಡಂಬನೆ. ತೊಂಬತ್ತು ವರ್ಷಗಳಲ್ಲಿ ಆ ಬೆಕ್ಕಿಗೆ ಭಕ್ತರು ಹುಟ್ಟಿಕೊಂಡಿದ್ದಾರೆ. ವಿಡಂಬನೆ ಬರೆಯುವ ನನ್ನಂಥವರಿಗೆ ಹೆದರಿಕೆಯಾಗುವುದು ಇಂಥದಕ್ಕೇ.

‘ನೋಡುವುದು’ ಅಂದರೆ ಭೌತವಿಜ್ಞಾನಿಗೆ ಅಳೆಯುವುದು. ಕಣ್ಣು ಬೇಕಿಲ್ಲ, ಆತ್ಮ ಬೇಕಿಲ್ಲ, ವಿಕಿರಣ ಎಣಿಸುವ ಗೈಗರ್ ಕೌಂಟರು ಸಾಕು. ಅದು ಟಿಕ್ ಅಂದಾಗ ಪ್ರಯೋಗಶಾಲೆಯಲ್ಲಿ ಯಾರೂ ಇಲ್ಲದೆ ಎಲ್ಲರೂ ಕಾಫಿಗೆ ಹೋಗಿದ್ದರೂ ಟಿಕ್ ಆದದ್ದು ಆಗಿರುತ್ತದೆ. ಅಳತೆಯಲ್ಲಿ ಪ್ರಜ್ಞೆಗೂ ಪಾತ್ರವಿದೆ ಎಂದು 1961ರಲ್ಲಿ ಗಂಭೀರವಾಗಿ ವಾದಿಸಿದ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಕೂಡ ಆಮೇಲೆ ಆ ವಾದವನ್ನು ಕೈಬಿಟ್ಟರು. ಅವರು ಬಿಟ್ಟದ್ದನ್ನು ಗುರುಗಳು ಎತ್ತಿಕೊಂಡಿದ್ದಾರೆ.

ಶ್ರೋಡಿಂಗರ್ ವೇದಾಂತಿ ಅಂತ ಇಂಥ ಗುರುಗಳು ಹೇಳುವುದುಂಟು. ವೇದಾಂತ ಓದಿಕೊಂಡಿದ್ದ, ಮೆಚ್ಚಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಕಣಗಳ ನಡೆ ಹೇಳುವ ಅವನ 1926ರ ಸಮೀಕರಣದಲ್ಲಿ ದ್ರವ್ಯರಾಶಿಯಿದೆ, ಪ್ಲಾಂಕನ ಸ್ಥಿರಾಂಕವಿದೆ, ಬ್ರಹ್ಮನಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಕ್ವಾಂಟಮ್ ಪರಿಣಾಮದ ಅಳತೆಗೋಲಾದ ಆ ಸ್ಥಿರಾಂಕವಾದರೂ ಎಷ್ಟು? ನಾವು ಬಳಸುವ ಮಾನದಲ್ಲಿ ಬರೆದರೆ ದಶಮಾಂಶ ಚುಕ್ಕೆಯ ಮುಂದೆ 33 ಸೊನ್ನೆ ಇಟ್ಟು ಆಮೇಲೆ ಒಂದು ಆರು. ಇಷ್ಟು ಸಣ್ಣದ್ದು ಅತ್ತೆಯ ಮಂಡಿಯವರೆಗೆ ಬರುವ ಹೊತ್ತಿಗೆ ಗುರುತೂ ಉಳಿಯುವುದಿಲ್ಲ. ಕ್ವಾಂಟಮ್ ಕಂಪ್ಯೂಟರ್ ಕಟ್ಟುವವರನ್ನೇ ಕೇಳಿ. ಚಿಪ್ಪನ್ನು ಮೈನಸ್ 273 ಡಿಗ್ರಿಯ ಹತ್ತಿರಕ್ಕೆ ತಣ್ಣಗೆ ಮಾಡಿ, ಅಲುಗದಂತೆ, ಬೆಳಕು ತಾಗದಂತೆ ಬಾಣಂತಿಯ ಹಾಗೆ ನೋಡಿಕೊಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಕ್ವಾಂಟಮ್ ಸ್ಥಿತಿ ಕೆಟ್ಟುಹೋಗುತ್ತದೆ. ಮೆದುಳಿನ ನರಕೋಶಗಳೊಳಗಿನ ನಳಿಕೆಗಳಲ್ಲಿ ಪ್ರಜ್ಞೆಯ ಕ್ವಾಂಟಮ್ ಗುಟ್ಟಿರಬಹುದು ಎಂದು ಗಣಿತಜ್ಞ ರೋಜರ್ ಪೆನ್‌ರೋಸ್ ಊಹಿಸಿದ್ದುಂಟು. ಅಷ್ಟು ಬೆಚ್ಚಗಿನ, ಒದ್ದೆ ಜಾಗದಲ್ಲಿ ಅಂಥ ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗವೂ ನಿಲ್ಲದು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಲೆಕ್ಕ ಹಾಕಿದರು. ಅವರಿಬ್ಬರ ಪಕ್ಷದವರ ಜಗಳ ಇನ್ನೂ ಮುಗಿದಿಲ್ಲ. ಕಲ್ಯಾಣ ಮಂಟಪದಲ್ಲಿ ಮಾತ್ರ ಆ ಕ್ವಾಂಟಮ್ ಸ್ಥಿತಿ ತಟ್ಟೆ ಇಡ್ಲಿ ತಿಂದ ಮೇಲೂ ಮೂರು ತಾಸು ನಿಂತಿತ್ತು.

ನಮ್ಮ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಸುಮ್ಮನೆ ದುಂದು. ಟೈ ಹುಡುಗನ ಹತ್ತಿರ 4,999ಕ್ಕೇ ಇತ್ತು, ಕ್ವಾಂಟಮ್ ಪೆಂಡೆಂಟ್. ಕೊರಳಿಗೆ ಹಾಕಿಕೊಂಡರೆ ಮೊಬೈಲ್ ಟವರಿನ ವಿಕಿರಣ ತಟ್ಟುವುದಿಲ್ಲವಂತೆ. ಈ ಜಾತಿಯ ಸರಕನ್ನು ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಪರೀಕ್ಷೆ ಮಾಡಿಸಿ, 2021ರ ಡಿಸೆಂಬರಿನಲ್ಲಿ ಹತ್ತು ವಸ್ತುಗಳ ಪಟ್ಟಿ ಕೊಟ್ಟು, ಇವೇ ವಿಕಿರಣ ಸೂಸುತ್ತಿವೆ, ತೆಗೆದಿಡಿ ಎಂದು ಜನರನ್ನು ಎಚ್ಚರಿಸಿತು. ‘ಕ್ವಾಂಟಮ್’ ಹೆಸರಿನ ಪೆಂಡೆಂಟೂ ಅದರಲ್ಲಿತ್ತು. ಪರಮಾಣು ಒಡೆದು ವಿಕಿರಣ ಹೊಮ್ಮುವುದು ಅಪ್ಪಟ ಕ್ವಾಂಟಮ್ ಕ್ರಿಯೆ. ಹಾಗಾಗಿ ಕಂಪನಿಯವರು ಹೆಸರಿನಲ್ಲಿ ಮೋಸ ಮಾಡಿಲ್ಲ.

ಈ ವ್ಯಾಪಾರಕ್ಕೆ ಪ್ರಶಸ್ತಿಯೂ ಸಿಕ್ಕಿದೆ. ಅಮೆರಿಕದಲ್ಲಿ ಕ್ವಾಂಟಮ್ ಅಧ್ಯಾತ್ಮವನ್ನು ಮನೆಮಾತು ಮಾಡಿದ ದೀಪಕ್ ಚೋಪ್ರಾ ಅವರಿಗೆ 1998ರಲ್ಲಿ ಭೌತವಿಜ್ಞಾನದ ಇಗ್‌ನೊಬೆಲ್ ಕೊಟ್ಟರು. ನೊಬೆಲ್ಲನ್ನು ಅಣಕಿಸುವ ತಮಾಷೆಯ ಪ್ರಶಸ್ತಿ ಅದು. ‘ಇಗ್’ ಅನ್ನುವುದನ್ನು ಮೆಲ್ಲಗೆ ಓದಿಕೊಂಡರೆ ಗೌರವವೇ.

ಬೆಂಗಳೂರಿನಲ್ಲಿ ಇದನ್ನು ನೋಡುವುದೇ ಒಂದು ಸಂಕಟ. ಸದಾಶಿವನಗರದಲ್ಲಿ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಯಿದೆ, ಅಲ್ಲಿ ಇವತ್ತಿಗೂ ಒಂಟಿ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು ಎಣಿಸುತ್ತ ಕೂತವರಿದ್ದಾರೆ. ಅಣುಗಳ ಕಂಪನದಿಂದ ಇದು ಯಾವ ಪದಾರ್ಥ ಎಂದು ಹೇಳುವ ನಿಜವಾದ ಯಂತ್ರವೂ ಲೋಕದಲ್ಲಿದೆ, ರಾಮನ್ 1928ರಲ್ಲಿ ಕಂಡ ಪರಿಣಾಮದ ಮೇಲೇ ಅದು ನಡೆಯುವುದು. ಅದು ನಿಮ್ಮ ವಯಸ್ಸು, ತೂಕ ಕೇಳುವುದಿಲ್ಲ.

ಶಿಬಿರದ ಕೊನೆಗೆ ಹುಡುಗ ಅತ್ತೆಯ ಮುಂದೆ ಪೆಂಡೆಂಟಿನ ಡಬ್ಬಿ ತೆರೆದಿಟ್ಟ. ಅತ್ತೆ ಕನ್ನಡಕ ಏರಿಸಿ ನೋಡಿ, “ಎಷ್ಟು?” ಅಂದರು. ಲ್ಯಾಟಿನ್ ಭಾಷೆಯಲ್ಲಿ ಕ್ವಾಂಟಮ್ ಪದದ ಅರ್ಥವೂ ಅದೇ, ‘ಎಷ್ಟು’. ಆ ಸಂಜೆ ಮಂಟಪದಲ್ಲಿ ಆ ಪದವನ್ನು ಸರಿಯಾಗಿ ಬಳಸಿದವರು ಅವರೊಬ್ಬರೇ. ಬೆಲೆ ಕೇಳಿ ಡಬ್ಬಿ ಮುಚ್ಚಿದರು. ವರದಿಗಳೆರಡನ್ನೂ ಮಾತ್ರ ಚೀಲಕ್ಕೆ ಹಾಕಿಕೊಂಡರು, ಹೇಗೂ ಪುಕ್ಕಟೆ.

ಮೊನ್ನೆ ಮನೆಯಲ್ಲಿ ಹಪ್ಪಳ ಕರಿದರು. ತಟ್ಟೆಗೆ 17ನೇ ಪುಟ ಹಾಸಿದ್ದರು. “ಥೂ, ನುಣುಪು ಕಾಗದ ಕಣ್ರೀ, ಎಣ್ಣೇನೇ ಹೀರಲ್ಲ,” ಅಂತ ಬೈದುಕೊಂಡು ಅದನ್ನು ತೆಗೆದು ಹಳೆಯ ದಿನಪತ್ರಿಕೆ ಹಾಸಿದರು.